ಹಂದಿ ಪಕ್ಕೆಲುಬಿನ ಬಾರ್ಬೆಕ್ಯೂ: ನಾಲ್ಕನೆಯ ಪ್ರಯತ್ನದವರೆಗಿನ ಟಿಪ್ಪಣಿ

ಮೊದಲ ಪ್ರಯತ್ನ

ಓವನ್ 200 ಡಿಗ್ರಿ ಸೆಲ್ಸಿಯಸ್, ಮುಕ್ಕಾಲು ಗಂಟೆ. ಸಾಸನ್ನು ಆರಂಭದಲ್ಲೇ ಬಳಿದಿದ್ದೆ. ಅದರಲ್ಲಿದ್ದ ಸಕ್ಕರೆ ಸೀದು ಕರಿಯಾಯಿತು, ಒಳಗಿನ ಮಾಂಸ ರಬ್ಬರಿನಂತಿತ್ತು. ಥರ್ಮಾಮೀಟರ್ 74 ಡಿಗ್ರಿ ತೋರಿಸಿತ್ತು. ಇಡಿಯ ತುಂಡಿನ ಹಂದಿಮಾಂಸ 63 ಡಿಗ್ರಿ ಮುಟ್ಟಿ ಮೂರು ನಿಮಿಷ ಹಾಗೇ ಇದ್ದರೆ ತಿನ್ನಲು ಸುರಕ್ಷಿತ ಎಂದು ಓದಿದ್ದೆ, ಅದನ್ನೇ ನಂಬಿ ಒಲೆ ಆರಿಸಿದ್ದೆ. ಬೆಂದಿತ್ತು, ನಿಜ. ಮೆತ್ತಗಾಗಿರಲಿಲ್ಲ. ಇವೆರಡೂ ಬೇರೆ ಬೇರೆ ಎಂದು ತಿಳಿಯಲು ಪಕ್ಕೆಲುಬಿನ ಇಡೀ ಒಂದು ಪಟ್ಟಿ ಬಲಿಯಾಯಿತು.

ಎರಡನೆಯದು

ಪಕ್ಕೆಲುಬಿನ ಸುತ್ತಲಿನ ಮಾಂಸದಲ್ಲಿ ಕೊಲಾಜನ್, ಅಂದರೆ ಮಾಂಸವನ್ನು ಹಿಡಿದಿಡುವ ಗಟ್ಟಿ ನಾರಿನಂಥ ಪ್ರೋಟೀನ್, ಹೆಚ್ಚು. ಅದು ಕರಗಿ ಮೆತ್ತನೆಯ ಜೆಲಟಿನ್ ಆಗುವವರೆಗೆ ಮಾಂಸ ಬಿಗಿಯಾಗಿಯೇ ಇರುತ್ತದೆ. 70 ಡಿಗ್ರಿ ದಾಟಿದ ಮೇಲೂ ಆ ಕೆಲಸಕ್ಕೆ ಗಂಟೆಗಟ್ಟಲೆ ಬೇಕು. ಹಾಗಾಗಿ ಈ ಬಾರಿ ಓವನ್ ಗುಂಡಿಯನ್ನು 120ಕ್ಕೆ ತಿರುಗಿಸಿ ಮೂರು ಗಂಟೆ ಬಿಟ್ಟೆ. ಆದರೂ ಗಟ್ಟಿ. ನಾಲ್ಕು ಗಂಟೆಯಾಯಿತು, ಮಾಂಸದ ಬಿಸಿ 71ರಲ್ಲೇ ಕೂತಿತ್ತು. ಮೇಲ್ಮೈಯ ನೀರು ಆವಿಯಾಗುತ್ತಾ ಮಾಂಸವನ್ನು ತಂಪಾಗಿಸುವುದರಿಂದ ಹೀಗೆ ನಡುವೆ ಬಿಸಿ ಏರದೆ ನಿಲ್ಲುವುದು ಸಹಜ. ಆದರೆ ಇಷ್ಟು ಹೊತ್ತೇ? ಅನುಮಾನ ಬಂದು ಬೇರೊಂದು ಥರ್ಮಾಮೀಟರನ್ನು ಓವನ್ನಿನ ಒಳಗೆ ನೇತುಹಾಕಿದೆ. 98 ಡಿಗ್ರಿ! ಗುಂಡಿಯ ಮೇಲಿನ ಅಂಕೆ 22 ಡಿಗ್ರಿ ಸುಳ್ಳು ಹೇಳುತ್ತಿತ್ತು. ಆ ದಿನ ಊಟಕ್ಕೆ ಕೂತಾಗ ರಾತ್ರಿ ಹತ್ತೂವರೆ. ಯಾರೂ ನನ್ನೊಡನೆ ಹೆಚ್ಚು ಮಾತನಾಡಲಿಲ್ಲ.

ಇನ್ನೊಂದು ತಪ್ಪೂ ಇತ್ತು: ಎಲುಬಿನ ಹಿಂಬದಿಯ ತೆಳು ಪೊರೆಯನ್ನು ತೆಗೆದಿರಲಿಲ್ಲ. ಅದು ಎಷ್ಟು ಬೇಯಿಸಿದರೂ ಕರಗುವುದಿಲ್ಲ, ಕಾಗದದಂತೆ ಹಲ್ಲಿಗೆ ಸಿಗುತ್ತದೆ. ಚಮಚದ ಹಿಡಿಯನ್ನು ಒಂದು ಎಲುಬಿನ ಮೇಲೆ ತೂರಿಸಿ ಪೊರೆಯ ಅಂಚನ್ನು ಎಬ್ಬಿಸಬೇಕು, ನಂತರ ಕಾಗದದ ಕರವಸ್ತ್ರದಿಂದ ಹಿಡಿದು ಎಳೆಯಬೇಕು. ಬರಿಗೈಯಲ್ಲಿ ಜಾರುತ್ತದೆ.

ಮೂರನೆಯದು

ಪೊರೆ ತೆಗೆದೆ, ನಿಜವಾದ 135 ಡಿಗ್ರಿ ಹಿಡಿದೆ, ಫಾಯಿಲ್‌ನಲ್ಲಿ ಸುತ್ತಿದೆ. ಸುತ್ತಿದರೆ ಆವಿ ಹೊರಹೋಗುವುದಿಲ್ಲ, ಬಿಸಿ ನಿಲ್ಲದೆ ಏರುತ್ತದೆ. ಆದರೆ ಎರಡೂವರೆ ಗಂಟೆ ಸುತ್ತಿಟ್ಟದ್ದು ಅತಿಯಾಯಿತು. ಪಟ್ಟಿಯನ್ನು ಎತ್ತಿದರೆ ಎಲುಬು ಕೈಯಲ್ಲಿ, ಮಾಂಸ ತಟ್ಟೆಯಲ್ಲಿ. ಇದನ್ನೇ ಮೆಚ್ಚುವವರು ಬಹಳ ಮಂದಿ. ನನಗೆ ಅದು ಬೇಯಿಸಿ ಬಸಿದ ಮಾಂಸದಂತೆ ಕಂಡಿತು. ಕಚ್ಚಿದಾಗ ಸ್ವಲ್ಪವಾದರೂ ಹಿಡಿತವಿರಬೇಕು.

ನಾಲ್ಕನೆಯದು, ಕಳೆದ ಭಾನುವಾರ

ಹಿಂದಿನ ರಾತ್ರಿಯೇ ಉಪ್ಪು ಸವರಿ ಫ್ರಿಜ್‌ನಲ್ಲಿಟ್ಟೆ. ಬೆಳಿಗ್ಗೆ ಮೆಣಸಿನ ಪುಡಿ, ಕಾಳುಮೆಣಸು, ಬೆಳ್ಳುಳ್ಳಿ ಪುಡಿ, ತುಸು ಕಂದು ಸಕ್ಕರೆ. ಬೆನ್ನುಮೂಳೆಯ ಕಡೆಯ ಚಿಕ್ಕ ಪಕ್ಕೆಲುಬು ಇದು. ಹೊಟ್ಟೆಯ ಕಡೆಯ ದೊಡ್ಡದಾದರೆ ಕೊಬ್ಬು ಹೆಚ್ಚು, ಹೊತ್ತೂ ಹೆಚ್ಚು ಬೇಕು. 135ರಲ್ಲಿ ಒಂದೂಮುಕ್ಕಾಲು ಗಂಟೆ ತೆರೆದು, ಒಂದು ಗಂಟೆ ಎರಡು ಚಮಚ ವಿನೆಗರ್ ಹಾಕಿ ಸುತ್ತಿ, ಕೊನೆಯ 25 ನಿಮಿಷ ಮತ್ತೆ ತೆರೆದು ಎರಡು ಬಾರಿ ಸಾಸ್ ಬಳಿದೆ. ಸಾಸ್ ಸೀಯಲಿಲ್ಲ, ಅಂಟಂಟಾಗಿ ಹೊಳೆಯಿತು.

ಗಡಿಯಾರವನ್ನು ಈ ಬಾರಿ ಕಡೆಗಣಿಸಿದೆ. ಪಟ್ಟಿಯ ಒಂದು ತುದಿಯನ್ನು ಇಕ್ಕಳದಿಂದ ಎತ್ತಿದಾಗ ಅದು ಬಿಲ್ಲಿನಂತೆ ಬಾಗಿತು, ಮೇಲ್ಮೈಯಲ್ಲಿ ಸಣ್ಣ ಬಿರುಕು ಮೂಡಿತು, ಆದರೆ ತುಂಡಾಗಲಿಲ್ಲ. ಎಲುಬುಗಳ ನಡುವೆ 94 ಡಿಗ್ರಿ. ಕಾಲು ಗಂಟೆ ಬಿಟ್ಟು ಕೊಯ್ದೆ. ಕಚ್ಚಿದ ಕಡೆಯಷ್ಟೇ ಮಾಂಸ ಬಂತು, ಎಲುಬು ಬಿಳಿಯಾಗಿ ಕಂಡಿತು. ಎರಡು ತುಂಡು ಉಳಿಯಬಹುದೆಂದು ಡಬ್ಬಿ ತೆಗೆದಿಟ್ಟಿದ್ದೆ, ಅದನ್ನು ಖಾಲಿಯಾಗಿಯೇ ಮತ್ತೆ ಕಪಾಟಿಗಿಟ್ಟೆ.

ಕೊರತೆ ಒಂದೇ: ಹೊಗೆಯ ವಾಸನೆ ಇಲ್ಲ. ಮುಂದಿನ ಬಾರಿ ಮೊದಲ ಒಂದೂಮುಕ್ಕಾಲು ಗಂಟೆಯನ್ನು ಇದ್ದಿಲಿನ ಗ್ರಿಲ್‌ಗೆ ಒಪ್ಪಿಸುತ್ತೇನೆ. ಕೆಂಡ ಒಂದು ಪಕ್ಕ, ಮಾಂಸ ಇನ್ನೊಂದು ಪಕ್ಕ, ಮೇಲೆ ಮುಚ್ಚಳ.