ಪಿಂಚಣಿ ಅರ್ಜಿಯಲ್ಲಿ ಸಿಗುವ ಐರ್ಲೆಂಡ್

1901ರ ಜನಗಣತಿಯಲ್ಲಿ 58 ವರ್ಷ ಎಂದು ಬರೆಸಿದ ರೈತ, 1911ರ ಹಾಳೆಯಲ್ಲಿ 71 ಆಗಿರುತ್ತಾನೆ. ಐರ್ಲೆಂಡಿನ ಈ ಎರಡು ಗಣತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಇಂಥ ಲೆಕ್ಕ ಮತ್ತೆ ಮತ್ತೆ ಎದುರಾಗುತ್ತದೆ. ಬರೆದವನ ತಪ್ಪೆಂದು ತಳ್ಳಿಹಾಕಬೇಡಿ. ನಡುವೆ 1909ರ ಜನವರಿ 1 ಬಂದುಹೋಗಿದೆ: ಅಂದಿನಿಂದ 70 ತುಂಬಿದ ಬಡವರಿಗೆ ವಾರಕ್ಕೆ ಗರಿಷ್ಠ 5 ಶಿಲಿಂಗ್ ವೃದ್ಧಾಪ್ಯ ಪಿಂಚಣಿ.

ಐರ್ಲೆಂಡಿನಲ್ಲಿ ಎಲ್ಲರ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ. 1909ರಲ್ಲಿ 70ರ ಅಂಚಿನಲ್ಲಿದ್ದವರ ಕೈಯಲ್ಲಿ ಸರ್ಕಾರಿ ಜನನ ದಾಖಲೆ ಇರಲು ಸಾಧ್ಯವೇ ಇರಲಿಲ್ಲ. 1839ರ ಜನವರಿ 6ರ ರಾತ್ರಿ ಬೀಸಿದ ‘ದೊಡ್ಡ ಗಾಳಿ’ ನೆನಪಿದೆ ಎಂದು ಹೇಳಿ ವಯಸ್ಸನ್ನು ಸಾಧಿಸಲು ಹೊರಟವರಿದ್ದರು. ಇವರನ್ನೆಲ್ಲ ಸುಳ್ಳುಗಾರರೆಂದು ಕರೆಯುವುದು ಅನ್ಯಾಯ. ಎಷ್ಟೋ ಜನರಿಗೆ ತಮ್ಮ ವಯಸ್ಸು ನಿಜಕ್ಕೂ ಗೊತ್ತಿರಲಿಲ್ಲ. 1901ರಲ್ಲಿ ಹೇಳಿದ್ದೂ ಅಂದಾಜೇ. ಹಾಗಾಗಿ ವಯಸ್ಸೊಂದನ್ನೇ ನಂಬಿ ಎರಡು ಗಣತಿಯ ಕುಟುಂಬಗಳನ್ನು ಹೊಂದಿಸಲು ಹೋದರೆ ದಾರಿ ತಪ್ಪುತ್ತೀರಿ. ಮಕ್ಕಳ ಹೆಸರು, ಅವರು ಹುಟ್ಟಿದ ಕ್ರಮ, ಟೌನ್‌ಲ್ಯಾಂಡ್ (ಐರ್ಲೆಂಡಿನ ಅತಿ ಚಿಕ್ಕ ಭೂ ವಿಭಾಗ), ಇವು ಮೂರೂ ಕೂಡಿಬಂದರೆ ಮಾತ್ರ ಒಪ್ಪಿ. ಗಣತಿಯ ಜಾಲತಾಣದ ಹುಡುಕು ಪೆಟ್ಟಿಗೆಯಲ್ಲಿ ಹೆಸರು ಸಿಗದಿದ್ದರೆ ಜಿಲ್ಲೆ, ಟೌನ್‌ಲ್ಯಾಂಡ್ ಹಿಡಿದು ಮನೆಮನೆಯಾಗಿ ನೋಡುತ್ತಾ ಹೋಗಿ. 1911ರಲ್ಲಿ ಕೆಲವರು ಹೆಸರನ್ನು ಐರಿಷ್ ಭಾಷೆಯಲ್ಲೇ ಬರೆದರು; ಮರ್ಫಿಯನ್ನು ಹುಡುಕುವವರ ಕಣ್ಣಿಗೆ ಓ ಮುರುಖೂ ಬೀಳುವುದಿಲ್ಲ.

ವಯಸ್ಸಿಗೆ ಇನ್ನೊಂದು ಪುರಾವೆಯೂ ಇತ್ತು. ಅರ್ಜಿದಾರರು ತಂದೆತಾಯಿಯ ಹೆಸರು, ಊರು ಕೊಟ್ಟು 1841 ಅಥವಾ 1851ರ ಗಣತಿಯಲ್ಲಿ ತಮ್ಮನ್ನು ಹುಡುಕಿಸಬಹುದಿತ್ತು. 1922ರ ಜೂನ್ 30ರಂದು, ಬ್ರಿಟನ್ ಜೊತೆಗಿನ 1921ರ ಒಪ್ಪಂದವನ್ನು ಒಪ್ಪಿದವರ ಮತ್ತು ವಿರೋಧಿಸಿದವರ ನಡುವಿನ ಅಂತರ್ಯುದ್ಧದ ಆರಂಭದಲ್ಲೇ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದ ದಾಖಲೆ ಕಚೇರಿ ಸ್ಫೋಟ ಮತ್ತು ಬೆಂಕಿಗೆ ಸಿಕ್ಕಿ ಆ ಗಣತಿಗಳ ಬಹುಪಾಲು ಸುಟ್ಟುಹೋಯಿತು. ಹುಡುಕಾಟದ ಅರ್ಜಿಗಳು ಮಾತ್ರ ಉಳಿದವು. 1840ರ ದಶಕದ ಮಹಾ ಬರಗಾಲದ ಮುಂಚಿನ ಒಂದು ಮನೆಯಲ್ಲಿ ಯಾರ್‍ಯಾರಿದ್ದರು ಎಂಬುದು ಇಂದು ಗೊತ್ತಾಗುವುದಾದರೆ, ಎಷ್ಟೋ ಸಲ ಅದು ಅಜ್ಜಿಯೊಬ್ಬಳು 5 ಶಿಲಿಂಗ್‌ಗಾಗಿ ಹಾಕಿದ ಅರ್ಜಿಯಿಂದ. ನನಗೆ ಇಡೀ ಸಂಗ್ರಹದಲ್ಲಿ ಇದಕ್ಕಿಂತ ಅಮೂಲ್ಯವಾದ ಕಾಗದವಿಲ್ಲ.

ಗಣತಿಯಲ್ಲಿ ಕುಟುಂಬದ ಹಾಳೆ ಓದಿ ಎದ್ದುಬಿಡುವವರು ಮನೆಯ ನಮೂನೆಯನ್ನು, ಅಂದರೆ ‘ಬಿ1’ ಅನ್ನು, ಕಳೆದುಕೊಳ್ಳುತ್ತಾರೆ. ಅದನ್ನು ತುಂಬಿದವನು ಗಣತಿದಾರ, ಸಾಮಾನ್ಯವಾಗಿ ಪೊಲೀಸ್ ಪೇದೆ. ಕಲ್ಲು ಅಥವಾ ಇಟ್ಟಿಗೆ ಗೋಡೆಗೆ 1, ಮಣ್ಣಿನದಕ್ಕೆ 0. ಸ್ಲೇಟ್ ಚಾವಣಿಗೆ 1, ಹುಲ್ಲಿನದಕ್ಕೆ 0. ಒಂದೇ ಕೋಣೆಗೆ 1, ಎರಡರಿಂದ ನಾಲ್ಕು ಕೋಣೆಗೆ 2. ಮುಂಭಾಗದ ಕಿಟಕಿಗಳು ಎಷ್ಟಿದ್ದರೆ ಅಷ್ಟು. ಎಲ್ಲವನ್ನೂ ಕೂಡಿಸಿದ ಮೊತ್ತದಿಂದ ಮನೆಯ ದರ್ಜೆ. ಮಣ್ಣಿನ ಗೋಡೆ, ಹುಲ್ಲು ಮಾಡು, ಒಂದು ಕೋಣೆ, ಒಂದು ಕಿಟಕಿ: ಮೊತ್ತ 2, ನಾಲ್ಕನೆಯ ದರ್ಜೆ. ಕಲ್ಲಿನ ಗೋಡೆ, ಹುಲ್ಲು ಮಾಡು, ಮೂರು ಕೋಣೆ, ಮೂರು ಕಿಟಕಿ: ಮೊತ್ತ 6, ಎರಡನೆಯ ದರ್ಜೆ. ಹಳ್ಳಿಗೆ ಹೊಂದುವ ಈ ಲೆಕ್ಕ ಡಬ್ಲಿನ್‌ಗೆ ಬಂದ ಕೂಡಲೇ ಕೈಕೊಡುತ್ತದೆ. ಹಳೆಯ ಶ್ರೀಮಂತರ ಬಂಗಲೆಗಳು ಅಲ್ಲಿ ವಠಾರಗಳಾಗಿದ್ದವು. ಹೆನ್ರಿಯೆಟ್ಟಾ ಬೀದಿಯ 14ನೇ ನಂಬರಿನ ಮನೆಯಲ್ಲಿ 1911ರ ಹೊತ್ತಿಗೆ ಸುಮಾರು 100 ಜನ. ದರ್ಜೆ ಇಡೀ ಕಟ್ಟಡಕ್ಕೆ ಸೇರಿದ್ದು. ಕಡುಬಡವರ ವಠಾರವೂ ಮೊದಲ ದರ್ಜೆಯ ಮನೆ ಎನಿಸಿಕೊಳ್ಳುತ್ತದೆ. ಪ್ರತಿ ಕುಟುಂಬಕ್ಕೆ ಎಷ್ಟು ಕೋಣೆ ಎಂಬ ಕಾಲಂ ನೋಡಿದ ಮೇಲಷ್ಟೇ ಬಡತನದ ಬಗ್ಗೆ ಮಾತಾಡಿ.

1922ರಲ್ಲಿ ಐರಿಷ್ ಸ್ವತಂತ್ರ ರಾಜ್ಯ ಬಂದ ಮೇಲೂ ಪಿಂಚಣಿಯೇ ರಾಜಕೀಯ. 1924ರಲ್ಲಿ ಹಣಕಾಸು ಸಚಿವ ಅರ್ನೆಸ್ಟ್ ಬ್ಲೈತ್ ವೃದ್ಧಾಪ್ಯ ಪಿಂಚಣಿಯಿಂದ ಒಂದು ಶಿಲಿಂಗ್ ಕಡಿತ ಮಾಡಿದರು. 10 ಇದ್ದದ್ದು 9 ಆಯಿತು. ಆ ಒಂದು ಶಿಲಿಂಗ್ ಅನ್ನು ಮತದಾರರು ಬಹಳ ಕಾಲ ಮರೆಯಲಿಲ್ಲ. ಅದೇ ವರ್ಷದ ಸೇನಾ ಸೇವಾ ಪಿಂಚಣಿ ಕಾಯ್ದೆ ಅಂತರ್ಯುದ್ಧದಲ್ಲಿ ಸರ್ಕಾರದ ಸೇನೆಯ ಕಡೆ ನಿಂತವರಿಗಷ್ಟೇ; ಒಪ್ಪಂದ ವಿರೋಧಿಗಳಿಗೂ ಕುಮನ್ ನ ಮಾನ್ ಸಂಘಟನೆಯ ಹೆಂಗಸರಿಗೂ ಬಾಗಿಲು ತೆರೆದದ್ದು 1934ರ ಕಾಯ್ದೆ, ಒಪ್ಪಂದ ವಿರೋಧಿಗಳ ನಾಯಕ ಡಿ ವಲೇರಾ ಅಧಿಕಾರಕ್ಕೆ ಬಂದು ಎರಡು ವರ್ಷದ ಮೇಲೆ.

ಈ ಸೇನಾ ಪಿಂಚಣಿ ಕಡತಗಳನ್ನು, ಸ್ವಾತಂತ್ರ್ಯ ಹೋರಾಟದಲ್ಲಿದ್ದವರ ನೆನಪುಗಳನ್ನು ದಾಖಲಿಸಿದ ಸೇನಾ ಇತಿಹಾಸ ಬ್ಯೂರೋದ 1,773 ಸಾಕ್ಷಿ ಹೇಳಿಕೆಗಳ ಜೊತೆಗಿಟ್ಟು ಓದಬೇಕು. ಹೇಳಿಕೆಗಳನ್ನು ಸಂಗ್ರಹಿಸತೊಡಗಿದ್ದು 1947ರಲ್ಲಿ, ಘಟನೆಗಳು ನಡೆದು ಕಾಲು ಶತಮಾನ ಕಳೆದ ಮೇಲೆ. ಬ್ಯೂರೋದ ವ್ಯಾಪ್ತಿ ಬ್ರಿಟಿಷರ ಜೊತೆಗಿನ 1921ರ ಕದನವಿರಾಮಕ್ಕೇ ಮುಗಿಯುತ್ತದೆ. ಅಂತರ್ಯುದ್ಧದ ಮೌನ ಪಿಂಚಣಿ ಕಡತದಲ್ಲಿ ಒಡೆಯುತ್ತದೆ, ಏಕೆಂದರೆ ಅಲ್ಲಿ ಸೇವೆಯನ್ನು ಸಾಬೀತು ಮಾಡದೆ ದುಡ್ಡಿಲ್ಲ. ಅದೇ ಕಾರಣಕ್ಕೆ ಉತ್ಪ್ರೇಕ್ಷೆಯೂ ಇರುತ್ತದೆ. ಅರ್ಜಿದಾರರ ಮಾತನ್ನು ಮೇಲಧಿಕಾರಿಗಳ ಪತ್ರಕ್ಕೆ ತಾಳೆ ಹಾಕಿ.

ತಿರಸ್ಕೃತ ಅರ್ಜಿಗಳನ್ನು ಮೊದಲು ತೆಗೆಯಿರಿ. ಮಂಜೂರಾದ ಕಡತದಲ್ಲಿ ಮೊತ್ತ ಸಿಗುತ್ತದೆ, ತಿರಸ್ಕರಿಸಿದ್ದರಲ್ಲಿ ಕಾರಣ. ಬ್ರಿಟಿಷ್ ಆಳ್ವಿಕೆಯ ವಿರುದ್ಧದ 1916ರ ಈಸ್ಟರ್ ದಂಗೆಯಲ್ಲಿ ಮಾರ್ಗರೆಟ್ ಸ್ಕಿನ್ನೈಡರ್ ಮೂರು ಗುಂಡೇಟು ತಿಂದಿದ್ದರು. ಗಾಯದ ಪಿಂಚಣಿಗೆ ಅವರು ಹಾಕಿದ ಅರ್ಜಿಯನ್ನು 1925ರಲ್ಲಿ ತಳ್ಳಿಹಾಕಿದರು: ಕಾಯ್ದೆಯಲ್ಲಿ ‘ಸೈನಿಕ’ ಎಂದರೆ ಗಂಡಸು ಎಂದಷ್ಟೇ ಅರ್ಥವಂತೆ. ಗುಂಡು ತಗುಲಿದ್ದನ್ನು ಯಾರೂ ಅಲ್ಲಗಳೆದಿರಲಿಲ್ಲ. ಅವರಿಗೆ ಪಿಂಚಣಿ ಮಂಜೂರಾದದ್ದು 1938ರಲ್ಲಿ.