ಕಥೆಯನ್ನು ಯಾರು ಹೇಳಬೇಕು?

ಹಳೆಯ ವಿದ್ಯಾರ್ಥಿಗಳ ವಿಭಾಗಕ್ಕೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ತೋಚಿದ್ದು ಸಣ್ಣ ಕಥೆಯ ವಿಷಯವೊಂದೇ. ನಾನು ಮೊದಲ ಕಥೆ ಬರೆದದ್ದು ಇದೇ ವಾರ್ಷಿಕ ಸಂಚಿಕೆಗಾಗಿ. ಅಂದು ಹಿಡಿದ ಗೀಳು ಇಂದಿಗೂ ಬಿಟ್ಟಿಲ್ಲವಾದ್ದರಿಂದ, ಆ ಬರವಣಿಗೆಯ ಸುಖವನ್ನೂ ಕಷ್ಟವನ್ನೂ ಈಗಿನ ವಿದ್ಯಾರ್ಥಿಗಳ ಮುಂದಿಡಬೇಕೆನ್ನಿಸಿತು.

ನಮ್ಮ ಕನ್ನಡ ಮೇಷ್ಟರು ಕಥೆಯನ್ನು ತಿದ್ದುತ್ತಿದ್ದ ರೀತಿಯೇ ಬೇರೆಯಾಗಿತ್ತು. ಕಾಗುಣಿತದ ತಪ್ಪುಗಳನ್ನು ಗುರುತಿಸಿ ಕೊಡುವ ಮೊದಲು ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಈ ಕಥೆಯನ್ನು ಯಾರು ಹೇಳಬೇಕು?" ನನ್ನ ಕಥೆಯಲ್ಲಿ ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರಿಬ್ಬರು ಮನೆಯ ಸಾಮಾನುಗಳನ್ನು ಪಾಲು ಮಾಡಿಕೊಳ್ಳಲು ಕೂರುತ್ತಾರೆ, ತಂದೆಯ ಕೈಗಡಿಯಾರದ ಬಳಿ ಬಂದಾಗ ಮಾತು ನಿಂತುಹೋಗುತ್ತದೆ. ಕಥೆ ಅಣ್ಣನ ಬಾಯಲ್ಲಿತ್ತು. ಮೇಷ್ಟರ ಪ್ರಶ್ನೆಯ ನಂತರ ಅದನ್ನು ತಮ್ಮನ ಹೆಂಡತಿಯ ಕಣ್ಣಿನಿಂದ ಮತ್ತೆ ಬರೆದೆ. ಆ ಮನೆಗೆ ಬಂದು ಹೆಚ್ಚು ದಿನಗಳಾಗದ ಅವಳಿಗೆ ಯಾವ ವಸ್ತುವಿನ ಹಿಂದೆ ಯಾವ ನೆನಪಿದೆ ಎಂಬುದು ತಿಳಿಯದು. ಆದ್ದರಿಂದಲೇ ಅವಳು ಪ್ರತಿಯೊಂದನ್ನೂ ದಿಟ್ಟಿಸಿ ನೋಡುತ್ತಾಳೆ. ಗಡಿಯಾರದ ಪಟ್ಟಿಯಲ್ಲಿ ತೂತುಗಳ ಸಾಲಿನಿಂದಾಚೆ ಮೊಳೆಯಿಂದ ಚುಚ್ಚಿದ ಇನ್ನೊಂದು ತೂತು ಅವಳ ಕಣ್ಣಿಗೆ ಬೀಳುತ್ತದೆ. ಕೊನೆಯ ದಿನಗಳಲ್ಲಿ ಮಾವನ ಮಣಿಕಟ್ಟು ಎಷ್ಟು ಸೊರಗಿತ್ತೆಂಬುದು ಅವಳಿಗೆ ಆಗ ಅರಿವಾಗುತ್ತದೆ. ಅಣ್ಣ ನಿರೂಪಿಸಿದ್ದರೆ ಆ ತೂತು ಕಥೆಯೊಳಗೆ ಬರುತ್ತಲೇ ಇರಲಿಲ್ಲ, ಏಕೆಂದರೆ ಅವನ ಮನಸ್ಸೆಲ್ಲ ತನಗಾದ ಅನ್ಯಾಯದ ಲೆಕ್ಕದಲ್ಲೇ ಇತ್ತು. ಅವನ ಬಾಲ್ಯದ ನೆನಪುಗಳನ್ನು ಬಿಟ್ಟುಕೊಡಬೇಕಾಯಿತು, ನಿಜ. ಆದರೆ ಇಬ್ಬರ ನಡುವಿನ ಮೌನವನ್ನು ಹೊರಗಿನಿಂದ ನೋಡುವವರೊಬ್ಬರು ಸಿಕ್ಕರು. ಸಣ್ಣ ಕಥೆಯ ಅತಿ ದೊಡ್ಡ ಸಂತೋಷ ಇದೇ ಎಂದು ನನ್ನ ನಂಬಿಕೆ: ನಿರೂಪಕರು ಬದಲಾದೊಡನೆ, ಬರೆಯುವವನಿಗೇ ಗೊತ್ತಿಲ್ಲದಿದ್ದ ಸಂಗತಿಯೊಂದು ಅವನ ಕಣ್ಣೆದುರಿಗೆ ಬಂದು ನಿಲ್ಲುತ್ತದೆ.

ಕಷ್ಟ ಶುರುವಾಗುವುದು ಅಳತೆಯಿಂದ. ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ 1842ರಲ್ಲಿ ಬರೆದ ವಿಮರ್ಶೆಯೊಂದರಲ್ಲಿ, ಕಥೆಯನ್ನು ಒಂದೇ ಬಾರಿಗೆ ಕುಳಿತು, ಅರ್ಧ ಗಂಟೆಯಿಂದ ಒಂದೆರಡು ಗಂಟೆಯೊಳಗೆ ಓದಿ ಮುಗಿಸುವಂತಿರಬೇಕು, ಅದರ ಪ್ರತಿಯೊಂದು ಪದವೂ ಮೊದಲೇ ನಿಶ್ಚಯಿಸಿದ ಒಂದು ಪರಿಣಾಮಕ್ಕಾಗಿ ದುಡಿಯಬೇಕು ಎಂದು ವಾದಿಸಿದ. ಮೊದಲ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಎರಡನೆಯದನ್ನು ಅರ್ಧ ಮಾತ್ರ, ಏಕೆಂದರೆ ಪರಿಣಾಮವನ್ನು ಮೊದಲೇ ಗೊತ್ತುಮಾಡಿಕೊಂಡು ಬರೆದ ಕಥೆಗಳಲ್ಲಿ ಪಾತ್ರಗಳಿಗೆ ಉಸಿರಾಡಲು ಜಾಗವಿರುವುದಿಲ್ಲ. ಆದರೂ ಒಂದೇ ಕೂತಿನ ಓದು ಎಂಬ ಮಿತಿ ಕಥೆಗಾರನಿಂದ ಬಹಳಷ್ಟನ್ನು ಕಸಿದುಕೊಳ್ಳುತ್ತದೆ. ಪಾತ್ರದ ಹಿನ್ನೆಲೆ, ಊರಿನ ಚರಿತ್ರೆ, ಬಂಧುಬಳಗದ ವಿವರ ಯಾವುದಕ್ಕೂ ಬಿಡುವಿಲ್ಲ. ಹತ್ತು ವರ್ಷಗಳ ಮನಸ್ತಾಪವನ್ನು ಒಂದು ವಾಕ್ಯದಲ್ಲಿ ದಾಟಿಸಿ, ಗಡಿಯಾರ ಕೈಗೆತ್ತಿಕೊಳ್ಳುವ ಅರೆಕ್ಷಣಕ್ಕೆ ಒಂದು ಪುಟವನ್ನೇ ಕೊಡಬೇಕಾಗುತ್ತದೆ. ಯಾವುದನ್ನು ಓಡಿಸಬೇಕು, ಯಾವುದರ ಮುಂದೆ ನಿಲ್ಲಬೇಕು ಎಂಬ ಈ ತೀರ್ಮಾನಕ್ಕೆ ಸೂತ್ರವಿಲ್ಲ. ಪ್ರತಿ ಕಥೆಯಲ್ಲೂ ಹೊಸದಾಗಿಯೇ ಕಂಡುಕೊಳ್ಳಬೇಕು.

ಸಂಭಾಷಣೆ ಇನ್ನೊಂದು ತೊಡಕು. ನಿರೂಪಣೆಯ ಗ್ರಾಂಥಿಕ ಭಾಷೆ ಪಾತ್ರಗಳ ಬಾಯಿಗೆ ನುಸುಳಿದರೆ ಎಲ್ಲರೂ ಒಬ್ಬನೇ ಮನುಷ್ಯನಂತೆ ಮಾತನಾಡತೊಡಗುತ್ತಾರೆ. ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡುವುದನ್ನು ಮೇಷ್ಟರು ರೂಢಿ ಮಾಡಿಸಿದ್ದರು, ಮತ್ತು ಅದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ನಾನು ಈವರೆಗೆ ಕಂಡಿಲ್ಲ.

ಇನ್ನು ಮುಕ್ತಾಯ. ಗಡಿಯಾರ ಕೊನೆಗೆ ಯಾರ ಪಾಲಾಯಿತೆಂದು ಹೇಳುವ ಒಂದು ಪುಟ ನನ್ನ ಕಥೆಯಲ್ಲಿತ್ತು. ಮೇಷ್ಟರು ಅದಕ್ಕೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಇಡಬೇಕೋ ಬೇಡವೋ ನೀನೇ ಯೋಚಿಸು ಎಂದರು. ಯೋಚಿಸಿ ತೆಗೆದೆ. ಸಂಚಿಕೆ ಹೊರಬಂದ ಮೇಲೆ ಸಹಪಾಠಿಗಳಲ್ಲಿ ಕೆಲವರು ತಮ್ಮನಿಗೆ ಸಿಕ್ಕಿತೆಂದರು, ಕೆಲವರು ಯಾರೂ ತೆಗೆದುಕೊಳ್ಳಲಿಲ್ಲವೆಂದರು, ಎರಡೂ ಕಡೆಯವರು ಕಥೆಯೊಳಗಿನ ಸಾಲುಗಳನ್ನೇ ಸಾಕ್ಷಿಯಾಗಿ ತೋರಿಸಿ ವಾದಿಸಿದರು. ನಾನು ಬರೆದದ್ದನ್ನು ಬೇರೊಬ್ಬರು ಇಷ್ಟು ಶ್ರದ್ಧೆಯಿಂದ ಓದಿದ್ದಾರೆಂಬ ಆನಂದ, ಅಚ್ಚಿನಲ್ಲಿ ಹೆಸರು ಕಂಡ ಆನಂದಕ್ಕಿಂತ ಎಷ್ಟೋ ಪಾಲು ದೊಡ್ಡದಾಗಿತ್ತು.

ಸಣ್ಣ ಕಥೆಯನ್ನು ಕಾದಂಬರಿಗೆ ಏರುವ ಮೆಟ್ಟಿಲೆಂದು ಭಾವಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಬಹುಪಾಲು ಸಣ್ಣ ಕಥೆಗಳನ್ನೇ ಬರೆದ ಕೆನಡಾದ ಆಲಿಸ್ ಮನ್ರೊ ಅವರಿಗೆ 2013ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 2025ರಲ್ಲಿ ಕನ್ನಡದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ದೊರೆಯಿತು, ಕಥಾಸಂಕಲನವೊಂದಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ಪ್ರಶಸ್ತಿಯೇ ಅಳತೆಗೋಲಲ್ಲವಾದರೂ, ಒಂದು ಇಡೀ ಬದುಕನ್ನು ಈ ಪ್ರಕಾರಕ್ಕೆ ಮೀಸಲಿಡಬಹುದು ಎಂಬುದಕ್ಕೆ ಇನ್ನೇನು ಪುರಾವೆ ಬೇಕು? ಈ ಸಂಚಿಕೆಗೆ ಕಥೆ ಕೊಡಲು ಹಿಂಜರಿಯುತ್ತಿರುವ ವಿದ್ಯಾರ್ಥಿಗಳಿದ್ದರೆ, ಅವರು ತಮ್ಮ ಕರಡನ್ನು ಒಮ್ಮೆ ಬೇರೆ ಪಾತ್ರದ ಬಾಯಿಂದ ಬರೆದು ನೋಡಲಿ, ಆಮೇಲೆ ಎರಡನ್ನೂ ಅಧ್ಯಾಪಕರ ಕೈಗೆ ಕೊಡಲಿ.