ಪುಟ್ಟ ಪಿಸ್ತೂಲು ಎಲ್ಲಿ ಕೈಕೊಡುತ್ತದೆ

"ಗ್ಲಾಕ್ 19 ನಂಬಬಹುದಾ, ಸಿಗ್ ಪಿ365 ನಂಬಬಹುದಾ?" ಅಮೆರಿಕದಲ್ಲಿ ಚಿಕ್ಕ ಪಿಸ್ತೂಲು ಕೊಳ್ಳಲು ಹೊರಟವರು ಮೊದಲು ಕೇಳುವುದು ಇದನ್ನೇ. ಆದರೆ ನಂಬಿಕೆ ಇಡಬೇಕಾದ್ದು ನಾಲ್ಕರ ಮೇಲೆ: ಪಿಸ್ತೂಲು, ಅದರ ಮ್ಯಾಗಝೀನ್ (ಹಿಡಿಯೊಳಗೆ ಕೂರುವ ತೋಟೆ ಪೆಟ್ಟಿಗೆ), ಅದರೊಳಗಿನ ತೋಟೆ, ಹಿಡಿದ ಕೈ. ದೊಡ್ಡ ಪಿಸ್ತೂಲಿನಲ್ಲಿ ಈ ನಾಲ್ಕರಲ್ಲಿ ಒಂದು ಸ್ವಲ್ಪ ಸೊರಗಿದರೂ ಉಳಿದವು ಸುಧಾರಿಸಿಕೊಂಡು ಹೋಗುತ್ತವೆ. ಪಿಸ್ತೂಲು ಚಿಕ್ಕದಾದಷ್ಟೂ ಆ ಸುಧಾರಿಸಿಕೊಳ್ಳುವ ಅವಕಾಶ ಕಿರಿದಾಗುತ್ತದೆ. ಚಿಕ್ಕ ಪಿಸ್ತೂಲುಗಳನ್ನು ಹೋಲಿಸುವಾಗ ನೋಡಬೇಕಾದ್ದು ಆ ಅವಕಾಶ ಯಾವುದರಲ್ಲಿ ಎಷ್ಟು ಉಳಿದಿದೆ ಎಂಬುದನ್ನು.

ಮಲೆನಾಡಿನ ತೋಟಾ ಕೋವಿ ಬಳಸಿದವರಿಗೆ ಇದು ಬೇಗ ಹಿಡಿಸುತ್ತದೆ. ಆ ಕೋವಿಯಲ್ಲಿ ತೋಟೆ ಹಾಕುವುದೂ ಖಾಲಿ ತೋಟೆ ತೆಗೆಯುವುದೂ ಕೈಯ ಕೆಲಸ. ಪಿಸ್ತೂಲಿನಲ್ಲಿ ಅದನ್ನೆಲ್ಲ ಸ್ಲೈಡ್, ಅಂದರೆ ನಳಿಗೆಯ ಮೇಲೆ ಹಿಂದೆಮುಂದೆ ಜಾರುವ ಲೋಹದ ಭಾಗ, ಮಾಡುತ್ತದೆ, ಅದೂ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಸಮಯದಲ್ಲಿ. ಈಡು ಹಾರಿದ ಕೂಡಲೇ ಸ್ಲೈಡ್ ಹಿಂದಕ್ಕೆ ಸರಿಯುತ್ತದೆ. ಎಕ್ಸ್‌ಟ್ರಾಕ್ಟರ್ ಎಂಬ ಕೊಕ್ಕೆ ಖಾಲಿ ತೋಟೆಯ ಅಂಚನ್ನು ಕಚ್ಚಿ ಎಳೆಯುತ್ತದೆ, ಎಜೆಕ್ಟರ್ ಅದನ್ನು ಹೊರಕ್ಕೆ ಚಿಮ್ಮಿಸುತ್ತದೆ. ಅಷ್ಟರಲ್ಲಿ ಮ್ಯಾಗಝೀನಿನ ಸ್ಪ್ರಿಂಗ್ ಮುಂದಿನ ತೋಟೆಯನ್ನು ಮೇಲೆತ್ತಿ ಹಿಡಿದಿರಬೇಕು. ವಾಪಸು ಬರುವ ಸ್ಲೈಡ್ ಅದನ್ನು ನೂಕಿಕೊಂಡು ಹೋಗಿ ನಳಿಗೆಯ ಬುಡದಲ್ಲಿರುವ ಚೇಂಬರಿಗೆ ಸೇರಿಸುತ್ತದೆ.

ಗ್ಲಾಕ್ 19ರ ನಳಿಗೆ 102 ಮಿ.ಮೀ. ಅದರ ಚಿಕ್ಕ ತಮ್ಮ ಗ್ಲಾಕ್ 26ರದ್ದು 87. ಪಿ365ರದ್ದು ಸುಮಾರು 79. ನಳಿಗೆ ಗಿಡ್ಡವಾದಂತೆ ಸ್ಲೈಡೂ ಗಿಡ್ಡವಾಗಿ ಹಗುರವಾಗುತ್ತದೆ. ತೋಟೆ ಮಾತ್ರ ಅದೇ 9 ಎಂಎಂ, ಒದೆತವೂ ಹೆಚ್ಚುಕಡಿಮೆ ಅಷ್ಟೇ. ಹಗುರ ಸ್ಲೈಡನ್ನು ತಡೆಯಲು ಬಿಗಿಯಾದ ಸ್ಪ್ರಿಂಗ್ ಹಾಕಬೇಕಾಗುತ್ತದೆ. ಗ್ಲಾಕ್ 26ರಲ್ಲಿ ಒಂದರೊಳಗೊಂದು ಎರಡು ಸ್ಪ್ರಿಂಗ್ ಇರುವುದು ಇದಕ್ಕೇ. ಸ್ಲೈಡಿಗೆ ಹಿಂದಕ್ಕೆ ಓಡಲು ಇರುವ ಜಾಗ ಕಡಿಮೆ, ವಾಪಸು ಬರುವ ವೇಗ ಜಾಸ್ತಿ. ಮ್ಯಾಗಝೀನ್ ಸ್ಪ್ರಿಂಗಿಗೆ ತೋಟೆ ಎತ್ತಲು ಸಿಗುವ ಕ್ಷಣ ಅಷ್ಟು ಕಮ್ಮಿಯಾಯಿತು. ಅದು ತಡಮಾಡಿದರೆ ಸ್ಲೈಡ್ ತೋಟೆಯ ತಲೆಯ ಮೇಲೆ ಹಾದು ಖಾಲಿ ಚೇಂಬರನ್ನೇ ಮುಚ್ಚುತ್ತದೆ, ಇಲ್ಲವೇ ತೋಟೆಯ ನಡುಮೈಗೆ ಹೊಡೆದು ಅಲ್ಲೇ ಸಿಕ್ಕಿಸುತ್ತದೆ.

ಇನ್ನು ಕೈಯ ಪಾಲು. ಮಣಿಕಟ್ಟು ಸಡಿಲ ಬಿಟ್ಟರೆ ಸ್ಲೈಡಿನ ಜೊತೆ ಇಡೀ ಪಿಸ್ತೂಲೇ ಹಿಂದಕ್ಕೆ ಹೋಗುತ್ತದೆ. ಫ್ರೇಮಿನ (ಹಿಡಿ ಇರುವ ಕೆಳಮೈಯ) ಮೇಲೆ ಸ್ಲೈಡ್ ಓಡಬೇಕಾದ ದೂರ ಪೂರ್ತಿ ಸಿಗುವುದಿಲ್ಲ. ಆಗ ಖಾಲಿ ತೋಟೆ ಹೊರಬೀಳುವ ಮುನ್ನವೇ ಸ್ಲೈಡ್ ಮುಚ್ಚಲು ಹೋಗಿ ಅದು ಕಿಂಡಿಯಲ್ಲಿ ಹೊಗೆ ಕೊಳವೆಯ ಹಾಗೆ ನೆಟ್ಟಗೆ ನಿಂತುಬಿಡುತ್ತದೆ. ಗ್ಲಾಕ್ 19ರಲ್ಲಿ ಕಿರುಬೆರಳಿಗೂ ಹಿಡಿಯಲ್ಲಿ ಜಾಗ ಇದೆ. ಗ್ಲಾಕ್ 26ರ ಚಪ್ಪಟೆ ತಳದ ಮ್ಯಾಗಝೀನಿನಲ್ಲಿ ಕಿರುಬೆರಳು ಕೆಳಗೆ ಜೋತಾಡುತ್ತದೆ. ಅದೇ ಮ್ಯಾಗಝೀನಿಗೆ ಬೆರಳು ಆನಿಸುವ ತಳಹಲಗೆ ಕೂರಿಸಿದರೆ ಎಷ್ಟೋ ಜನರ "ಜಾಮ್" ದೂರು ಅಲ್ಲಿಗೇ ನಿಂತುಹೋಗುತ್ತದೆ.

ಮಾಡೆಲ್‌ಗಳ ವಿಚಾರಕ್ಕೆ ಬಂದರೆ, ಗ್ಲಾಕ್ 19 ಪೇಟೆಗೆ ಬಂದದ್ದು 1988ರಲ್ಲಿ. 15 ತೋಟೆ ಹಿಡಿಯುತ್ತದೆ, ಖಾಲಿ ಮ್ಯಾಗಝೀನ್ ಸಮೇತ ಸುಮಾರು 670 ಗ್ರಾಂ. ಅಷ್ಟು ವರ್ಷ, ಅಷ್ಟೊಂದು ಕೈಗಳಲ್ಲಿ ಪಳಗಿದ ವಿನ್ಯಾಸ. ಸೊಂಟದಲ್ಲಿ ಮರೆಮಾಡಲು ಸಾಧ್ಯವಿರುವವರು ಇದಕ್ಕಿಂತ ಚಿಕ್ಕದಕ್ಕೆ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಪಿ365 ಬಂದದ್ದು 2018ರಲ್ಲಿ. ಒಂದು ಇಂಚು ದಪ್ಪದ ಮೈಯಲ್ಲಿ 10 ತೋಟೆ ತುಂಬಿದ್ದೇ ಅದರ ಸಾಧನೆ. ಶುರುವಿನಲ್ಲಿ ತಯಾರಾದವುಗಳಲ್ಲಿ ಸ್ಟ್ರೈಕರ್ (ತೋಟೆಯ ಬುಡದ ಕೇಪಿಗೆ ಬಡಿದು ಮದ್ದು ಹೊತ್ತಿಸುವ ಮೊಳೆ) ಮುರಿಯುವ, ಕೇಪಿನ ಮೇಲೆ ಸ್ಟ್ರೈಕರ್ ತುದಿ ಎಳೆದುಕೊಂಡು ಹೋದ ಗೆರೆ ಬೀಳುವ ದೂರುಗಳು ಬಂದವು, ಆಮೇಲೆ ಆ ಭಾಗ ಬದಲಾಯಿತು. ಈಗ ಹೊಸದಾಗಿ ಕೊಳ್ಳುವವರಿಗೆ ಆ ಚಿಂತೆ ಬೇಕಿಲ್ಲ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ತಯಾರಾದ ತಿಂಗಳು ಕೇಳಲೇಬೇಕು.

ಸೆಕೆಂಡ್‌ಹ್ಯಾಂಡ್ ಅಂದರೆ ಇನ್ನೆರಡು ನೆನಪಿಡಿ. ಸ್ಮಿತ್ ಅಂಡ್ ವೆಸನ್ ಶೀಲ್ಡ್ 2012ರಲ್ಲಿ ಬಂತು; 2013ರ ಆಗಸ್ಟ್ 19ಕ್ಕೆ ಮುಂಚೆ ತಯಾರಾದವನ್ನು ಪರೀಕ್ಷಿಸಿಕೊಳ್ಳಿ ಎಂದು ಕಂಪನಿಯೇ ಸುರಕ್ಷತಾ ಸೂಚನೆ ಹೊರಡಿಸಿತ್ತು. ರೂಗರ್ ಎಲ್‌ಸಿಪಿ, ಅಂದರೆ .380 ಎಸಿಪಿ ತೋಟೆಯ ಜೇಬಿನ ಪಿಸ್ತೂಲು, 2008ರಲ್ಲಿ ಬಂದು ಅದೇ ವರ್ಷ ವಾಪಸು ಕರೆಸಿಕೊಳ್ಳಲ್ಪಟ್ಟಿತು; ಸೀರಿಯಲ್ ನಂಬರ್ 370ರಿಂದ ಶುರುವಾದರೆ ದುರಸ್ತಿ ಆಗಿದೆಯೇ ನೋಡಿಕೊಳ್ಳಿ. ಎರಡರದ್ದೂ ಕೆಳಗೆ ಬಿದ್ದಾಗ ಈಡು ಹಾರಬಹುದು ಎಂಬ ದೋಷ. ತೋಟೆ ಸಿಕ್ಕಿಕೊಳ್ಳುವುದಕ್ಕಿಂತ ಇದು ಗಂಭೀರ.

ಜೇಬಿನ .380ಗಳು ಮುನ್ನೂರು ಗ್ರಾಂ ಆಸುಪಾಸಿನಲ್ಲಿ ತೂಗುತ್ತವೆ. ಒಯ್ಯಲು ಸುಖ, ಹೊಡೆಯಲು ಕಷ್ಟ. ತೋಟೆಯ ಬ್ರಾಂಡ್ ಬದಲಾದರೆ ಇವುಗಳ ಸ್ವಭಾವವೇ ಬದಲಾಗುತ್ತದೆ. ಇವನ್ನು ಕೊಳ್ಳುವವರು ಪಿಸ್ತೂಲಿನಷ್ಟೇ ದುಡ್ಡನ್ನು ತೋಟೆಗೆ ತೆಗೆದಿಡಬೇಕು.

ರಿವಾಲ್ವರ್ ಕೆಡುವುದೇ ಇಲ್ಲ ಎಂಬ ಮಾತು ಅರ್ಧ ಸತ್ಯ. ಸ್ಮಿತ್ ಅಂಡ್ ವೆಸನ್‌ನ ಜೆ-ಫ್ರೇಮ್, 1950ರಿಂದ ಬರುತ್ತಿರುವ ಐದು ಈಡಿನ .38 ಸ್ಪೆಷಲ್, ಕೈ ಸಡಿಲ ಬಿಟ್ಟರೂ ಹಾರುತ್ತದೆ, ಕೋಟಿನ ಜೇಬಿನೊಳಗಿಂದಲೂ ಹಾರುತ್ತದೆ. ಒಂದು ಕೇಪು ಹುಸಿಯಾದರೆ ಮತ್ತೆ ಟ್ರಿಗರ್ ಎಳೆದರೆ ಸಾಕು, ಮುಂದಿನ ತೋಟೆ ಎದುರಿಗೆ ಬರುತ್ತದೆ. ಆದರೆ ಅದು ಕೈಕೊಟ್ಟಾಗ ನಿಂತ ಜಾಗದಲ್ಲಿ ಸರಿಮಾಡಲಾಗದು. ಮೂರು ಕಾರಣ ಹೆಚ್ಚಾಗಿ ಕಾಣುತ್ತವೆ. ಒಂದು, ತೋಟೆಗಳು ಕೂರುವ, ತಿರುಗುವ ಸಿಲಿಂಡರ್ ತೆರೆದು ಖಾಲಿ ತೋಟೆ ತಳ್ಳುವಾಗ ಸುಡದ ಮದ್ದಿನ ಒಂದೆರಡು ಕಾಳು ತೋಟೆಗಳನ್ನು ಎತ್ತುವ ನಕ್ಷತ್ರಾಕಾರದ ತಟ್ಟೆಯ ಅಡಿಗೆ ಸೇರುವುದು. ಸಾಸಿವೆಗಿಂತ ಸಣ್ಣ ಆ ಕಾಳಿನಿಂದಲೇ ಸಿಲಿಂಡರ್ ಮುಚ್ಚಲು ಬಿಗಿಯಾಗುತ್ತದೆ. ನಳಿಗೆ ಮೇಲ್ಮುಖ ಮಾಡಿ ಒಂದೇ ರಭಸಕ್ಕೆ ತಳ್ಳಿದರೆ ಕಾಳು ಕೆಳಕ್ಕೆ ಉದುರಿಹೋಗುತ್ತದೆ. ಎರಡು, ಆ ತಟ್ಟೆಯನ್ನು ತಳ್ಳುವ ಎಜೆಕ್ಟರ್ ಕಡ್ಡಿ ತಾನಾಗಿ ಬಿಚ್ಚಿಕೊಂಡು ಉದ್ದವಾಗಿ ಸಿಲಿಂಡರ್ ತೆರೆಯದಂತಾಗುವುದು. ಮೂರು, ಹಗುರ ಮೈಯ ರಿವಾಲ್ವರಿನಲ್ಲಿ ಬಲವಾದ ತೋಟೆ ಹಾಕಿದಾಗ ಒದೆತಕ್ಕೆ ಉಳಿದ ತೋಟೆಗಳ ಗುಂಡು ಮುಂದಕ್ಕೆ ಜಾರಿ ಸಿಲಿಂಡರ್ ತಿರುಗದಂತೆ ಅಡ್ಡ ನಿಲ್ಲುವುದು. ಐದರಲ್ಲಿ ನಾಲ್ಕು ಈಡು ಹೊಡೆದು, ಐದನೆಯದನ್ನು ಹೊರತೆಗೆದು ಹೊಸ ತೋಟೆಯ ಪಕ್ಕ ಹಿಡಿದು ಉದ್ದ ನೋಡಿದರೆ ಇದು ಗೊತ್ತಾಗುತ್ತದೆ.

ಭಾರತದಲ್ಲಿ ಪರವಾನಗಿ ಇರುವವರಿಗೆ ಈ 9 ಎಂಎಂ ಚರ್ಚೆ ಅನ್ವಯಿಸದು. ಅದು ನಿಷೇಧಿತ ಬೋರ್ (ನಳಿಗೆಯ ಅಳತೆ), ಸಾಮಾನ್ಯರ ಕೈಯಲ್ಲಿರುವುದು .32. ಇದರಲ್ಲೂ ಎರಡು ಬಗೆಯ ತೋಟೆ ಇದೆ: ರಿವಾಲ್ವರಿನದ್ದು ಬೇರೆ, ಪಿಸ್ತೂಲಿನ .32 ಎಸಿಪಿ (7.65 ಎಂಎಂ) ಬೇರೆ. ಪಿಸ್ತೂಲಿನ ತೋಟೆಯ ಬುಡದ ಅಂಚು ಮೈಗಿಂತ ಒಂದು ಎಳೆಯಷ್ಟು ಹೊರಚಾಚಿದೆ. ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಹಿಂದೆ ಬಿತ್ತೋ, ಸ್ಲೈಡ್ ಮೇಲಿನದನ್ನು ನೂಕಿದಾಗ ಅದು ಕೆಳಗಿನದಕ್ಕೆ ಕೊಕ್ಕೆ ಹಾಕಿಕೊಂಡು ನಿಲ್ಲುತ್ತದೆ. ತಟ್ಟಿದರೂ ಎಳೆದರೂ ಬಿಡದು, ಮ್ಯಾಗಝೀನ್ ಹೊರತೆಗೆದು ತೋಟೆಗಳನ್ನು ಬಿಡಿಸಬೇಕು. ಗಿಡ್ಡ ತೋಟೆ ಹಾಕಿದಾಗ ಮ್ಯಾಗಝೀನಿನಲ್ಲಿ ಹಿಂದೆಮುಂದೆ ಆಡಲು ಜಾಗ ಸಿಕ್ಕು ಹೀಗಾಗುತ್ತದೆ. ಪೂರ್ತಿ ಉದ್ದದ, ದುಂಡುಮೂತಿಯ ತೋಟೆಯೇ ಇದಕ್ಕೆ ಮದ್ದು. ಪರವಾನಗಿಯಲ್ಲೇ ವರ್ಷಕ್ಕೆ ಇಷ್ಟೇ ತೋಟೆ ಎಂದು ಮಿತಿ ಇರುವ ಕಡೆ ನೂರಾರು ಈಡು ಹೊಡೆದು ಪಿಸ್ತೂಲನ್ನು ಪರೀಕ್ಷಿಸುವುದು ಆಗದ ಮಾತು. ಅಂಥಲ್ಲಿ ನನ್ನ ಓಟು .32 ರಿವಾಲ್ವರಿಗೆ.

ಪರೀಕ್ಷೆಯ ಲೆಕ್ಕಕ್ಕೆ ಬರೋಣ. ಕ್ಯಾಲಿಫೋರ್ನಿಯಾದಲ್ಲಿ ಹೊಸ ಪಿಸ್ತೂಲು ಮಾರಾಟವಾಗಬೇಕಾದರೆ ರಾಜ್ಯದ ಪಟ್ಟಿಯಲ್ಲಿರಬೇಕು. ಪಟ್ಟಿಗೆ ಸೇರಲು ಒಂದು ಮಾಡೆಲ್‌ನ ಮೂರು ಪಿಸ್ತೂಲುಗಳು ತಲಾ 600 ಈಡು ಹೊಡೆಯಬೇಕು. ಮೊದಲ 20ರಲ್ಲಿ ಒಂದೂ ಅಡಚಣೆ ಆಗಬಾರದು, 600ರಲ್ಲಿ ಆರಕ್ಕಿಂತ ಹೆಚ್ಚಾಗಬಾರದು. ನಡುವೆ 50 ಈಡಿಗೊಮ್ಮೆ ತಣಿಸಲು, 100ಕ್ಕೊಮ್ಮೆ ಒರೆಸಲು ಬಿಡುವಿದೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ನಮ್ಮವರು ಅನೇಕರು "ಪಟ್ಟಿಯಲ್ಲಿದೆ, ಅಂದಮೇಲೆ ಗಟ್ಟಿ" ಎಂದುಕೊಳ್ಳುತ್ತಾರೆ. 600ಕ್ಕೆ ಆರು ಅಂದರೆ ನೂರಕ್ಕೊಂದು. ಪ್ರಾಣರಕ್ಷಣೆಗೆ ಇಟ್ಟುಕೊಳ್ಳುವ ಆಯುಧಕ್ಕೆ ಅದು ಸಾಲದು.

ನೀವೇ ಹೊಡೆದು ನೋಡುವಾಗ ಒಂದು ಸುಲಭ ಸೂತ್ರ ಇದೆ. ಒಂದೂ ಅಡಚಣೆ ಇಲ್ಲದೆ ಎಷ್ಟು ಈಡು ಹಾರಿತೋ ಆ ಸಂಖ್ಯೆಯಿಂದ ಮೂರನ್ನು ಭಾಗಿಸಿ. 200 ಈಡು ಸಲೀಸಾಗಿ ಹೋಯಿತೆಂದರೆ ನಿಜವಾದ ಅಡಚಣೆ ದರ ಶೇ. 1.5ರವರೆಗೂ ಇರಬಹುದು. 500 ಆದರೆ ಶೇ. 0.6ರವರೆಗೆ. ಇಷ್ಟನ್ನೇ ಶೇ. 95ರ ಭರವಸೆಯಿಂದ ಹೇಳಬಹುದು. ಹಾಗೆಯೇ ಒಂದು ಪಿಸ್ತೂಲು 500ಕ್ಕೆ ಎರಡು ಸಲ ಸಿಕ್ಕಿಕೊಂಡಿತು, ಇನ್ನೊಂದು ಒಮ್ಮೆಯೂ ಇಲ್ಲ ಎಂದು ತೀರ್ಪು ಕೊಡಬೇಡಿ. ಎರಡೂ ಸಮಾನವೇ ಆಗಿದ್ದರೂ ಆ ಎರಡು ಅಡಚಣೆಗಳು ಒಂದರ ಪಾಲಿಗೇ ಬೀಳುವ ಸಂಭವ ಎರಡಕ್ಕೊಂದು. ಮಾಡೆಲ್‌ಗಳ ನಡುವಿನ ನಿಜವಾದ ವ್ಯತ್ಯಾಸ ಸಾವಿರಾರು ಈಡಿಗೆ ಮಾತ್ರ ಕಾಣುತ್ತದೆ.

ಹಾಗಾಗಿ ನಿಮ್ಮ ಕೈಯಲ್ಲಿರುವ ಒಂದನ್ನೇ ಸರಿಯಾಗಿ ಪರೀಕ್ಷಿಸಿ. ಕಣ್ಣು, ಕಿವಿಯ ರಕ್ಷಣೆ ಹಾಕಿ ರೇಂಜಿನಲ್ಲೇ ಹೊಡೆಯಿರಿ. ಮೂರು ಮ್ಯಾಗಝೀನ್ ತೆಗೆದುಕೊಂಡು ತಳಕ್ಕೆ ಪೇಂಟ್ ಪೆನ್ನಿನಿಂದ 1, 2, 3 ಎಂದು ಬರೆಯಿರಿ. ಮಾಮೂಲಿ ತೋಟೆ 300, ನೀವು ನಿಜವಾಗಿ ಒಯ್ಯುವ ಹಾಲೋ ಪಾಯಿಂಟ್ (ಮೂತಿಯಲ್ಲಿ ಕುಳಿ ಇರುವ ತೋಟೆ) 200. ನಡುವೆ ಶುಚಿ ಮಾಡಬೇಡಿ. ಎರಡೂ ಕೈ, ಬಲಗೈ ಮಾತ್ರ, ಎಡಗೈ ಮಾತ್ರ, ಹೀಗೆ ಹಂಚಿ ಹೊಡೆಯಿರಿ. ಪ್ರತಿ ಅಡಚಣೆಗೂ ನಾಲ್ಕು ವಿಷಯ ಬರೆದುಕೊಳ್ಳಿ: ಎಷ್ಟನೆಯ ಈಡು, ಯಾವ ಮ್ಯಾಗಝೀನ್, ಯಾವ ತೋಟೆ, ಹೇಗೆ ಸಿಕ್ಕಿತು. ಎಲ್ಲವೂ 2ನೇ ಮ್ಯಾಗಝೀನಿನಲ್ಲೇ ಆಗಿದ್ದರೆ ಪಿಸ್ತೂಲು ನಿರಪರಾಧಿ. ಆ ಮ್ಯಾಗಝೀನಿನ ಬಾಯಲ್ಲಿ ತೋಟೆ ಹಿಡಿದಿಡುವ ತುಟಿ ಬಾಗಿದೆ ಅಥವಾ ಸ್ಪ್ರಿಂಗ್ ಸೋತಿದೆ. ಕೊನೆಯ ಈಡಿನ ನಂತರ ಸ್ಲೈಡ್ ತೆರೆದು ನಿಲ್ಲದಿದ್ದರೆ ಮೊದಲು ಹೆಬ್ಬೆರಳು ಎಲ್ಲಿದೆ ನೋಡಿ. ಚಿಕ್ಕ ಪಿಸ್ತೂಲಿನಲ್ಲಿ ಅದು ಸ್ಲೈಡ್ ತಡೆಯುವ ಗುಂಡಿಯ ಮೇಲೇ ಕೂತಿರುತ್ತದೆ.

ಎರಡು ಎಚ್ಚರಿಕೆ. ಟ್ರಿಗರ್ ಎಳೆದು ಬರೀ ಟಕ್ ಅಂದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ, ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ಢಂ ಅನ್ನುವ ಬದಲು ಟುಸ್ ಎಂದು ಒದೆತವೇ ಇಲ್ಲದೆ ಹೋದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಕೂತಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಸಿಡಿಯುತ್ತದೆ.

ಪರೀಕ್ಷೆ ಪಾಸಾದ ಪಿಸ್ತೂಲೂ ಮನೆಯಲ್ಲಿ ಕೂತು ಕೆಡುತ್ತದೆ. ಜೇಬಿನ ಬಟ್ಟೆಯ ಜೂಲು ಎಣ್ಣೆಗೆ ಅಂಟಿ ಎಕ್ಸ್‌ಟ್ರಾಕ್ಟರ್ ಕೊಕ್ಕೆಯ ಅಡಿಯಲ್ಲಿ ಕಪ್ಪು ಹಿಟ್ಟಿನಂತೆ ಕೂರುತ್ತದೆ. ಪಿಸ್ತೂಲು ಖಾಲಿ ಎಂದು ಎರಡು ಸಲ ನೋಡಿ ಬಿಚ್ಚಿ, ಹಲ್ಲುಕಡ್ಡಿಯಿಂದ ಅದನ್ನು ಕೆದಕಿ ತೆಗೆಯಿರಿ. ಸ್ಲೈಡ್ ಓಡುವ ಹಳಿಗಳಿಗೆ ಒಂದೊಂದು ತೊಟ್ಟು ಎಣ್ಣೆ ಸಾಕು. ಸ್ಟ್ರೈಕರ್ ಇರುವ ಕೊಳವೆಗೆ ಎಣ್ಣೆ ಬೇಡವೇ ಬೇಡ. ಅಲ್ಲಿ ಅದು ಜಿಗುಟಾಗಿ ಕೇಪಿಗೆ ಬೀಳುವ ಪೆಟ್ಟು ಮೆತ್ತಗಾಗುತ್ತದೆ. ಪುಟ್ಟ ಪಿಸ್ತೂಲಿನ ಬಿಗಿ ಸ್ಪ್ರಿಂಗ್ ದೊಡ್ಡದರದ್ದಕ್ಕಿಂತ ಬೇಗ ಸೋಲುತ್ತದೆ. ಕೈಪಿಡಿಯಲ್ಲಿ ಹೇಳಿದಷ್ಟು ಈಡಿಗೆ ತಪ್ಪದೆ ಬದಲಾಯಿಸಿ.

ಕೊನೆಗೆ ತೋಟೆ. ದಿನಾ ಪಿಸ್ತೂಲು ಖಾಲಿ ಮಾಡಿ ಬೆಳಗ್ಗೆ ಅದೇ ತೋಟೆಯನ್ನು ಮತ್ತೆ ಚೇಂಬರಿಗೆ ಹಾಕುವವರಿದ್ದಾರೆ. ಪ್ರತಿ ಸಲವೂ ಅದರ ಮೂತಿ ಚೇಂಬರಿನ ಬಾಯಿಗೆ ಹತ್ತಿಸುವ ಏರುಹಾದಿಗೆ ಬಡಿದು ಗುಂಡು ಒಳಕ್ಕೆ ಕೂರುತ್ತಾ ಹೋಗುತ್ತದೆ. ಒಳಗಿನ ಜಾಗ ಕುಗ್ಗಿದಷ್ಟೂ ಒತ್ತಡ ಏರುತ್ತದೆ. ತಿಂಗಳಿಗೊಮ್ಮೆ ಆ ತೋಟೆಯನ್ನು ಹೊಸದರ ಪಕ್ಕ ಮೇಜಿನ ಮೇಲೆ ನಿಲ್ಲಿಸಿ ನೋಡಿ. ತಲೆ ಒಂದು ಉಗುರಿನ ದಪ್ಪದಷ್ಟು ಕೆಳಗಿದ್ದರೂ ಅದನ್ನು ಹಾರಿಸದೆ ರೇಂಜಿನಲ್ಲಿ ಕೆಟ್ಟ ತೋಟೆಗೆಂದೇ ಇಟ್ಟಿರುವ ಡಬ್ಬಿಗೆ ಹಾಕಿಬಿಡಿ.